ಒಂದು ಚೀಟಿ ಹಚ್ಚಿ ಹೋಗ್ರಿ

ದುರ್ಗದಬೈಲ ಹಿಂದಿನ ಗಲ್ಲಿ,
ಬಳಿ ಅಂಗಡಿ ಮ್ಯಾಲಿನ ಮಾಳಿಗಿ.
ಎರಡು ಫ್ಯಾನು, ಒಂದು ತಿರಗತೈತಿ.
ಇಲ್ಲಿ ಕುಂತು ನಾವು ಊರಿನ ಮಾತು ಎಣಸತೇವಿ:
ಹುಬ್ಬಳ್ಳಿ ಮಂದಿ ಮೊಬೈಲಿನ್ಯಾಗ ಬರದದ್ದು,
ಬೈದದ್ದು, ನಕ್ಕದ್ದು, ಫೋಟೋದ ಕೆಳಗ ಕುಟುಕಿದ್ದು
ಎಲ್ಲಾ ಯಂತ್ರಕ್ಕ ಉಣಸತೇವಿ.
ಅದು ಗೆರಿ ಎಳದು ಕೊಡತೈತಿ,
ಹಸರು ಅಂದ್ರ ಖುಷಿ, ಕೆಂಪು ಅಂದ್ರ ಸಿಟ್ಟು.

ನೀವು ಬರತೀರಿ,
ಸೀರಿ ಅಂಗಡಿಯವರು, ವಾರ್ಡಿನ ಮೆಂಬರು,
ಸಂಜಿ ಪೇಪರಿನ ಹುಡುಗೂರು.
ಗೆರಿ ನೋಡತೀರಿ, ಸ್ಕ್ರೀನ್‌ಶಾಟ್ ಹೊಡಕೋತೀರಿ, ಹೋಗತೀರಿ.
ಬಲಗಡಿ ಮೂಲ್ಯಾಗ ಒಂದು ಸಣ್ಣ ಚೌಕ ಐತಲ್ಲ,
‘ಟ್ಯಾಗ್ ಸೇರಿಸಿ’ ಅಂತ ಬರದದ್ದು,
ಅದರ ಕಡೆ ಯಾರೂ ಹೊಳ್ಳಿ ನೋಡೂದಿಲ್ಲ.

ಸಿಟ್ಟಿಲ್ಲ ನನಗ. ಒಂದು ಮಾತು ಹೇಳತೇನಿ, ಅಷ್ಟ.

ಹೋದ ವಾರ ನೇಕಾರ ಓಣಿಯ ನೀಲವ್ವ ಕೊಣ್ಣೂರ
ರಾತ್ರಿ ಎರಡೂವರಿಗೆ ಬರದಿದ್ರು:
‘ನೀರು ಬಂತು! ನೀರು ಬಂತು! ಏಳ್ರೋ!’
ಯಂತ್ರ ‘ಪ್ರವಾಹ’ ಅಂತ ಬರಕೊಂಡ್ತು.
ಎಂಟು ದಿವಸದ ಮ್ಯಾಲೆ ನಳದ ಗಂಟಲಾಗ
ಗೊರಗೊರ ಅಂದದ್ದು,
ಕೊಡ, ಬಕೀಟು, ಕುಕ್ಕರು,
ಹುಡುಗೂರ ಟಿಫಿನ್ ಡಬ್ಬಿ ಸೈತ ಸಾಲು ಹಚ್ಚಿದ್ದು
ಅದಕ್ಕೇನು ಗೊತ್ತು?
‘ಲೇ ಕತ್ತಿ, ಎಲ್ಲಿ ಸತ್ತಿದ್ದಿ ಇಷ್ಟು ದಿನ’
ಗೆಳ್ಯಾ ಗೆಳ್ಯಾಗ ಬರದದ್ದು. ಯಂತ್ರ ಅಂತೈತಿ:
ಆಯುಧ. ಸಾವು. ಕೆಂಪು.
ಇನ್ನ ‘ಅಡ್ಡಿಯಿಲ್ಲ’?
ಧಾರವಾಡದ ನಮ್ಮ ಗಣಿತದ ಮಾಸ್ತರು
ಅದಕಿಂತ ದೊಡ್ಡ ಹೊಗಳಿಕಿ ಜನ್ಮದಾಗ ಆಡಿದವರಲ್ಲ.
ಇದು ಅದನ್ನ ಒಯ್ದು
ರಸ್ತೆ ಸಂಚಾರದ ಸುದ್ದ್ಯಾಗ ಹಾಕೈತಿ.

ನಮ್ಮವ್ವ ಅಕ್ಕನ ಬಾಣಂತನಕ್ಕ ಗದಗಿಗೆ ಹೋದಾಗ
ಅಡಿಗಿಮನಿ ನನ್ನ ಕೈಗೆ ಬಂತು.
ಬಿಸ್ಕೀಟಿನ ಡಬ್ಬ್ಯಾಗ ಖಾರಪುಡಿ,
ಹಾಲಪುಡಿ ಡಬ್ಬ್ಯಾಗ ಸಾಸಿವಿ,
ಚಹಾಪುಡಿ ಅಂತ ಚಂದ ಬರದದ್ದರಾಗ
ಮೂರು ಗುಂಡಿ, ಒಂದು ಸೂಜಿ, ಹಳೇ ಕರೆಂಟಿನ ಬಿಲ್ಲು.
ಉಪ್ಪು ಹಾಕಿದ ಚಹಾ ಕುಡದು ಅಪ್ಪ ಏನೂ ಅನ್ನಲಿಲ್ಲ,
ಕಪ್ಪು ಇಟ್ಟು ಹೊರಗ ಹೋದ.
ಅವತ್ತು ರಾತ್ರಿ ಅವ್ವ ಫೋನಿನ್ಯಾಗ ಹೇಳಿಕೋತ ಹೋದಳು,
ನಾ ಗಾಯಕ್ಕ ಹಚ್ಚೂ ಬಿಳಿ ಪಟ್ಟಿ ಹರದು
ಒಂದೊಂದಕ್ಕ ಅಂಟಿಸಿಕೋತ ಹೋದೆ.
ಕೂಸು ಅಳತಿತ್ತು ಆ ಕಡೆ. ಅವ್ವ ಅಂದಳು,
‘ಇಷ್ಟು ವರ್ಷ ಯಾರೂ ಕೇಳೇ ಇಲ್ಲಲ್ಲ.’

ಯಂತ್ರ ಡಬ್ಬಿ ಮ್ಯಾಲಿನ ಅಕ್ಷರ ಓದತೈತಿ.
ಮುಚ್ಚಳ ತಗಿಯೂ ಕೈ ನಿಮ್ಮವು.

ಇನ್ನೊಂದು ಹೇಳಿ ಬಿಡತೇನಿ.
ಹಳೇ ಹುಬ್ಬಳ್ಳಿಯ ಒಂದು ಖಾತೆ, ಫೋಟೋ ಇಲ್ಲ,
ದಿನಾ ರಾತ್ರಿ ಮೂರರ ಸುಮಾರಿಗೆ ಒಂದ ಸಾಲು:
‘ಇವತ್ತೂ ಬರಲಿಲ್ಲ.’
ಯಂತ್ರ ‘ಬಸ್ಸು’ ಅಂತು.
ನಾ ಶಾಣ್ಯಾಕಿ, ಅಳಿಸಿ ‘ನೀರು’ ಅಂತ ಹಚ್ಚಿದೆ.
ನಲವತ್ತು ರಾತ್ರಿ
ಅವರ ಮಾತು ನೀರಿನ ಲೆಕ್ಕದಾಗ ಹರಕೊಂಡು ಹೋತು.
ಹೊಲಗಿ ಅಂಗಡಿಯ ದಾವಲಬಿ ನದಾಫ
ಯಾವ ಬಣ್ಣದ ಅಂಚು ನಡದೈತಿ ನೋಡಾಕ ಬಂದಾಕಿ
ಆ ಸಾಲಿನ ಮುಂದ ನಿಂತು
ಒಂದ ಬೆರಳಿಲೆ, ಹುಡುಕಿ ಹುಡುಕಿ ಒತ್ತಿದಳು:
‘ನಿದ್ದಿ.’
ಎದುರಿನ ಮನಿಯಂತ. ಆಕಿ ಕಾಜಾ ಹಾಕೂತನಕಾ
ಆ ದೀಪಾನೂ ಉರಿತಿರತೈತಂತ.

ನೀರಿನ ಗೆರಿ ಒಂದು ಎಳಿಯಷ್ಟು ಇಳೀತು.
ವಾರ್ಡಿನ ಮೆಂಬರಿಗೆ ಕಂಡಿರಲಿಕ್ಕಿಲ್ಲ.

ನಿನ್ನಿ ರಾತ್ರಿ ಆ ಖಾತೆಯಿಂದ ಏನೂ ಬರಲಿಲ್ಲ.
ಯಂತ್ರ ‘ಮಾಹಿತಿ ಇಲ್ಲ’ ಅಂತು.
ನಾ ಭಾಳ ಹೊತ್ತು ಕುಂತು ಖಾಲಿ ಚೌಕದಾಗ ಬರದೆ:
‘ಮಲಗಿರಬೇಕು.’
ತಪ್ಪಿದ್ರ
ಬಂದು ತಿದ್ರಿ.